‘ಪೆಡ್ರೋ’ ಮನುಷ್ಯನ ಹೆಸರಲ್ಲ

ಸದಸ್ಯರಿಗೆ ನಮಸ್ಕಾರ. ‘ಪೆಡ್ರೋ’ ಎಂದರೆ ಯಾವ ಪೈಲಟ್ ಎಂದು ನಿನ್ನೆ ಕೆಲವರು ಕೇಳಿದ್ದರು. ಅದು ಯಾವ ಪೈಲಟ್ಟೂ ಅಲ್ಲ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕ ವಾಯುಪಡೆಯ ಎಚ್‌ಎಚ್-43 ಹೆಲಿಕಾಪ್ಟರುಗಳಿಗೆ, ಅಂದರೆ ಅಪಾಯದಲ್ಲಿ ಸಿಲುಕಿದವರನ್ನು ಕಾಪಾಡುವ ಹೆಲಿಕಾಪ್ಟರುಗಳಿಗೆ, ರೇಡಿಯೊದಲ್ಲಿ ಬಳಸುತ್ತಿದ್ದ ಕರೆಹೆಸರು. ಅದಕ್ಕಿಂತ ದೊಡ್ಡದಾದ ಎಚ್‌ಎಚ್-3ಇ ಹೆಲಿಕಾಪ್ಟರಿನ ಕರೆಹೆಸರು ‘ಜಾಲಿ ಗ್ರೀನ್’. ಇವುಗಳ ಬೆಂಗಾವಲಿಗೆ ಬರುತ್ತಿದ್ದ ಸ್ಕೈರೈಡರ್ ಯುದ್ಧವಿಮಾನ ‘ಸ್ಯಾಂಡಿ’. ವಿಮಾನ ಬಿದ್ದು ಕಾಡಿನಲ್ಲಿ ಅಡಗಿ ಕುಳಿತ ಪೈಲಟ್‌ನೊಂದಿಗೆ ರೇಡಿಯೊದಲ್ಲಿ ಮಾತಾಡಿ ಜಾಗ ಗುರುತಿಸುವುದು ‘ಸ್ಯಾಂಡಿ’ಯ ಕೆಲಸವಾಗಿತ್ತು.

ಹೆಲಿಕಾಪ್ಟರಿನಲ್ಲಿ ಜನರನ್ನು ಕಾಪಾಡಿದ ಕಥೆಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದಕ್ಕೂ ಹಿಂದಿನದು. 1944ರ ಏಪ್ರಿಲ್, ಬರ್ಮಾ. ಅಮೆರಿಕದ ಪೈಲಟ್ ಕಾರ್ಟರ್ ಹಾರ್ಮನ್ ಹಾರಿಸಿದ ಸಿಕೋರ್ಸ್ಕಿ ವೈಆರ್-4ಬಿ ಹೆಲಿಕಾಪ್ಟರಿನಲ್ಲಿ ಚಾಲಕನ ಪಕ್ಕ ಒಬ್ಬನಿಗಷ್ಟೇ ಜಾಗ. ಶತ್ರುಗಳಿದ್ದ ಪ್ರದೇಶದಲ್ಲಿ ಸಿಲುಕಿದ್ದವರು ನಾಲ್ವರು, ಅವರಲ್ಲಿ ಮೂವರು ಗಾಯಾಳುಗಳು. ಬಿಸಿಲಿಗೆ ಎಂಜಿನ್ ಕಾದು ಕೈಕೊಡುತ್ತಿತ್ತು. ಆದರೂ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಎಲ್ಲರನ್ನೂ ಹೊರತಂದರು.

ಇಂಥ ಇನ್ನಷ್ಟು ಕರೆಹೆಸರು ಗೊತ್ತಿದ್ದವರು ಭಾನುವಾರದೊಳಗೆ ಬರೆದು ಹಾಕಿ. ಎಲ್ಲಿಂದಲೋ ಬಂದ ಫಾರ್ವರ್ಡ್‌ಗಳು ದಯವಿಟ್ಟು ಬೇಡ.