ಬೇಡದ ಮೇಲನ್ನು ಬಾಗಿಲಲ್ಲೇ ಹಿಂದಿರುಗಿಸಿ

ಮಾನ್ಯ ಸಂಪಾದಕರೇ,

ಸ್ವಂತ ಮೇಲ್ ಸರ್ವರ್, ಅಂದರೆ ಇಮೇಲ್ ಕಳಿಸುವ ಮತ್ತು ಪಡೆಯುವ ಯಂತ್ರವನ್ನು ಸ್ಥಾಪಿಸಿಕೊಳ್ಳುವುದನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ಓದಿದೆ. ಕೆಲವು ವರ್ಷಗಳಿಂದ ಅಂಥದೊಂದು ಸರ್ವರನ್ನು ನಡೆಸಿಕೊಂಡು ಬಂದಿರುವ ನನಗೆ, ಸ್ಪ್ಯಾಮ್ ಎಂದು ಕಂಡ ಮೇಲನ್ನು ಏನು ಮಾಡಬೇಕೆಂಬ ಮುಖ್ಯ ಪ್ರಶ್ನೆಯನ್ನು ಲೇಖನ ಎತ್ತಲೇ ಇಲ್ಲ ಎನಿಸಿತು.

ಮೇಲ್ ಕಳಿಸಲು ಮತ್ತು ಪಡೆಯಲು ಪೋಸ್ಟ್‌ಫಿಕ್ಸ್, ಬಂದದ್ದನ್ನು ಓದುಗನಿಗೆ ಒದಗಿಸಲು ಡವ್‌ಕಾಟ್, ಸ್ಪ್ಯಾಮನ್ನು ಸೋಸಲು ಆರ್‌ಸ್ಪ್ಯಾಮ್‌ಡಿ ಅಥವಾ ಸ್ಪ್ಯಾಮ್‌ಅಸ್ಯಾಸಿನ್, ಇವೆಲ್ಲವೂ ಉಚಿತವಾಗಿ ಸಿಗುತ್ತವೆ. ಇವುಗಳಿಗಿಂತ ಹೆಚ್ಚು ತಾಳ್ಮೆ ಬೇಡುವುದು ಡಿಎನ್‌ಎಸ್ ದಾಖಲೆಗಳು, ಅಂದರೆ ಅಂತರಜಾಲದ ಹೆಸರು-ವಿಳಾಸಗಳ ಪಟ್ಟಿಯಲ್ಲಿ ನಮ್ಮ ಡೊಮೈನ್ ಹೆಸರಿಗೆ ಸೇರಿಸುವ ವಿವರಗಳು. ನಮ್ಮ ಹೆಸರಿನಲ್ಲಿ ಮೇಲ್ ಕಳಿಸಲು ಯಾವ ಯಂತ್ರಕ್ಕೆ ಅಧಿಕಾರವಿದೆ ಎಂದು ಎಸ್‌ಪಿಎಫ್ ಎಂಬ ದಾಖಲೆ ಹೇಳಿದರೆ, ಡಿಕಿಮ್ ಪ್ರತಿ ಮೇಲಿಗೂ ಸಹಿ ಹಾಕುತ್ತದೆ. ಎರಡರಲ್ಲಿ ಒಂದೂ ತಾಳೆಯಾಗದಿದ್ದರೆ ಏನು ಮಾಡಬೇಕೆಂಬುದನ್ನು ಡಿಮಾರ್ಕ್ ತಿಳಿಸುತ್ತದೆ. ತನ್ನ ಖಾತೆಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಮೇಲ್ ಕಳಿಸುವವರಿಗೆ ಜಿಮೇಲ್ 2024ರ ಫೆಬ್ರುವರಿಯಿಂದ ಈ ಮೂರನ್ನೂ ಕಡ್ಡಾಯ ಮಾಡಿದೆಯಾದರೂ, ದಿನಕ್ಕೆ ನಾಲ್ಕು ಮೇಲ್ ಕಳಿಸುವ ನಮ್ಮಂಥವರೂ ಮೂರನ್ನೂ ಇಟ್ಟುಕೊಳ್ಳುವುದೇ ಕ್ಷೇಮ.

ಇನ್ನು ಮುಖ್ಯ ವಿಷಯ. ಸರ್ವರ್‌ಗಳು ಪರಸ್ಪರ ಮೇಲ್ ಒಪ್ಪಿಸಲು ಬಳಸುವ, 1982ರಲ್ಲಿ ರೂಪುಗೊಂಡ ಎಸ್‌ಎಂಟಿಪಿ ನಿಯಮಾವಳಿಯ ಪ್ರಕಾರ, ಮೇಲನ್ನು ಪಡೆದ ಸರ್ವರ್ 250 ಎಂಬ ಸಂಖ್ಯೆಯನ್ನು ಉತ್ತರವಾಗಿ ಕೊಟ್ಟಿತೆಂದರೆ, ಅದನ್ನು ತಲುಪಿಸುವ ಇಲ್ಲವೇ ತಲುಪಲಿಲ್ಲವೆಂದು ತಿಳಿಸುವ ಹೊಣೆಯನ್ನು ಅದು ಹೊತ್ತುಕೊಂಡಂತೆ. 550 ಎಂದರೆ ನಿರಾಕರಣೆ. ಆಗ ಕಳಿಸಿದ ಸರ್ವರೇ ತನ್ನ ಬಳಕೆದಾರನಿಗೆ ವಿಷಯ ಮುಟ್ಟಿಸುತ್ತದೆ. 451 ಎಂದರೆ ಸ್ವಲ್ಪ ಹೊತ್ತು ಬಿಟ್ಟು ಬಾ ಎಂದರ್ಥ. ಅನುಮಾನದ ಮೇಲನ್ನು ಮೊದಲ ಸಲ ಹೀಗೆ ಹಿಂದೆ ಕಳಿಸಿ ಕಾಯುವ ಗ್ರೇಲಿಸ್ಟಿಂಗ್ ವಿಧಾನ ನಿಂತಿರುವುದು ಇದರ ಮೇಲೆ, ಏಕೆಂದರೆ ಸರಿಯಾದ ಸರ್ವರ್ ಮತ್ತೆ ಬರುತ್ತದೆ, ಸ್ಪ್ಯಾಮ್ ಕಳಿಸುವ ಅನೇಕ ತಂತ್ರಾಂಶಗಳು ಆ ಗೋಜಿಗೆ ಹೋಗುವುದಿಲ್ಲ. ಆದ್ದರಿಂದ ಸೋಸುವ ಕೆಲಸ ಎರಡು ಸರ್ವರ್‌ಗಳ ನಡುವಿನ ಈ ಸಂಭಾಷಣೆ ಮುಗಿಯುವ ಮೊದಲೇ ನಡೆಯಬೇಕು. ಮೊದಲು ಒಪ್ಪಿಕೊಂಡು ಆಮೇಲೆ ಹಿಂದಿರುಗಿಸಿದರೆ, ಸ್ಪ್ಯಾಮಿನಲ್ಲಿ ಕಳಿಸಿದವರ ವಿಳಾಸ ಬಹುಮಟ್ಟಿಗೆ ಸುಳ್ಳಾಗಿರುವುದರಿಂದ, ಏನೂ ಅರಿಯದ ಯಾರದೋ ಪೆಟ್ಟಿಗೆ ತುಂಬುತ್ತದೆ. ಒಪ್ಪಿಕೊಂಡು ಸದ್ದಿಲ್ಲದೆ ಅಳಿಸಿಹಾಕುವುದು ಇನ್ನೂ ಕೆಟ್ಟದ್ದು.

ಆ ತಪ್ಪನ್ನು ನಾನೂ ಮಾಡಿದ್ದೇನೆ. ಎಸ್‌ಪಿಎಫ್ ತಾಳೆಯಾಗದ ಮೇಲನ್ನೆಲ್ಲ ಅಳಿಸುವಂತೆ ಆರಂಭದಲ್ಲಿ ನಿಯಮ ಬರೆದಿದ್ದೆ. ಆದರೆ ಒಂದು ವಿಳಾಸದಿಂದ ಇನ್ನೊಂದಕ್ಕೆ ತಾನಾಗಿ ರವಾನೆಯಾಗುವ ಮೇಲಿನಲ್ಲಿ, ರವಾನಿಸುವ ಯಂತ್ರಕ್ಕೆ ಆ ಅಧಿಕಾರ ಇರದ ಕಾರಣ, ಎಸ್‌ಪಿಎಫ್ ಸಹಜವಾಗಿಯೇ ಮುರಿದುಬೀಳುತ್ತದೆ. ಹಳೆಯ ಸ್ನೇಹಿತರೊಬ್ಬರು ನನ್ನ ಹಿಂದಿನ ವಿಳಾಸಕ್ಕೆ ಬರೆದ ಮೂರು ಮೇಲ್‌ಗಳು ಹೀಗೆ ನಾಶವಾದವು. ನಾನು ಉತ್ತರಿಸಲಿಲ್ಲವೆಂದು ಅವರು ನೊಂದುಕೊಂಡರು; ಅವರು ಬರೆಯಲಿಲ್ಲವೆಂದು ನಾನು ನೊಂದುಕೊಂಡಿದ್ದೆ. ಮೇಲ್ ಎಷ್ಟು ಸ್ಪ್ಯಾಮಿನಂತಿದೆ ಎಂದು ಆರ್‌ಸ್ಪ್ಯಾಮ್‌ಡಿ ಅಂಕ ಕೊಡುತ್ತದೆ; ಈಗ ಅದರ ಮೂಲ ಮಿತಿಗಳನ್ನೇ ಉಳಿಸಿಕೊಂಡಿದ್ದೇನೆ: 4 ಅಂಕಕ್ಕೆ ಗ್ರೇಲಿಸ್ಟಿಂಗ್, 6ಕ್ಕೆ ಸ್ಪ್ಯಾಮ್ ಗುರುತು, 15ಕ್ಕೆ ಬಾಗಿಲಲ್ಲೇ ನಿರಾಕರಣೆ. ಗುರುತು ಬಿದ್ದ ಮೇಲ್ ಬೇರೆ ಫೋಲ್ಡರಿಗೆ ಹೋಗುತ್ತದೆ, ಅದನ್ನು ವಾರಕ್ಕೊಮ್ಮೆ ಕಣ್ಣಾರೆ ನೋಡುತ್ತೇನೆ.

ದೊಡ್ಡ ಸೇವಾದಾರರಲ್ಲಿಯೂ ಕೆಲವರು 250 ಎಂದು ಉತ್ತರಿಸಿ, ಆಮೇಲೆ ನಮ್ಮ ಮೇಲನ್ನು ಕಾಣೆಯಾಗಿಸುವುದುಂಟು. ಅವರನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಸರ್ವರಂತೂ ನಮ್ಮ ಕೈಯಲ್ಲಿದೆ; ಹಾಗಾಗಿ ಸ್ಥಾಪನೆಯ ಹಂತಗಳನ್ನು ಮುಂದೆ ಪ್ರಕಟಿಸುವಾಗ 250, 550, 451 ಎಂಬ ಮೂರು ಸಂಖ್ಯೆಗಳ ವಿವರಣೆಯನ್ನೂ ಸೇರಿಸಬೇಕೆಂದು ಕೋರುತ್ತೇನೆ.

ಇತಿ,
ತಮ್ಮ ಓದುಗ