ಇಂಜಿನ್ ಹೆಡ್ ಬಿಚ್ಚುವ ಮುಂಚೆ ಕರೆಂಟ್ ನೋಡು

ಮಲ್ಲು,

ಆಶೀರ್ವಾದ. ನೀನು ಸ್ಕೋಪ್ (ಕರೆಂಟ್, ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್) ತಗೊಂಡಿದ್ದೀಯ ಅಂತ ಅಕ್ಕ ಫೋನಲ್ಲಿ ಹೇಳಿದಳು. ಖುಷಿಯಾಯಿತು. ಆದರೆ ಅದು ಇನ್ನೂ ಡಬ್ಬಿಯಲ್ಲೇ ಇದೆಯಂತೆ, ಪುಣೆಯ ಹಡಪ್ಸರ್‌ನ ನಿಮ್ಮ ಗ್ಯಾರೇಜಿನಲ್ಲಿ ಎಲ್ಲರೂ ಸ್ಕ್ಯಾನರ್ ಹಾಕಿ, ಕೋಡ್ ನೋಡಿ, ಸಾಮಾನು ಬದಲಿಸಿ ಕಳಿಸ್ತಾರಂತೆ. ಅದಕ್ಕೇ ಬರೀತಿದ್ದೇನೆ.

ಪಿ0303 ಅಂತ ಬಂದರೆ ಮೂರನೇ ಸಿಲಿಂಡರ್ ಮಿಸ್ಸಿಂಗ್ ಮಾಡ್ತಿದೆ, ಅಂದರೆ ಅದರಲ್ಲಿ ಇಂಧನ ಸರಿಯಾಗಿ ಉರೀತಿಲ್ಲ ಅಂತ, ಅಷ್ಟೇ. ಕಿಡಿ ಹಾರಿಸುವ ಪ್ಲಗ್ಗಾ, ಅದಕ್ಕೆ ಕರೆಂಟ್ ಕೊಡುವ ಕಾಯಿಲಾ, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರಾ, ವಾಲ್ವಾ, ಅದನ್ನು ಕೋಡ್ ಹೇಳುವುದಿಲ್ಲ. ನಮ್ಮವರು ನಾನಾ ಪೇಠೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಿಗೆ ಓಡಿ ಮೊದಲು ಪ್ಲಗ್ ತರ್ತಾರೆ, ಸರಿಹೋಗದಿದ್ದರೆ ಕಾಯಿಲ್, ಆಮೇಲೆ ಇಂಜೆಕ್ಟರ್. ದುಡ್ಡು ಗಿರಾಕಿಯದು, ಅಂದಾಜು ನಮ್ಮದು! ಈ ಚಟ ನಿನಗೆ ಬೇಡ.

ಮಿಸ್ಸಿಂಗ್ ಅಂತ ಗಾಡಿ ಬಂದರೆ ಮೊದಲು ಸ್ಕೋಪಿಗೆ ಹಚ್ಚಿದ ದೊಡ್ಡ ಕ್ಲ್ಯಾಂಪನ್ನು (ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವುದು) ಬ್ಯಾಟರಿ ಕೇಬಲ್‌ಗೆ ಹಾಕು. ಎಕ್ಸಲೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡಿ. ಬಹಳಷ್ಟು ಪೆಟ್ರೋಲ್ ಗಾಡಿಗಳಲ್ಲಿ ಹಾಗೆ ಮಾಡಿದರೆ ಇಂಜೆಕ್ಟರ್ ಬಂದ್ ಆಗುತ್ತದೆ, ಇಂಜಿನ್ ಸ್ಟಾರ್ಟ್ ಆಗದೆ ಸುಮ್ನೆ ತಿರುಗುತ್ತದೆ. ಇಂಜೆಕ್ಟರ್ ಬಂದ್ ಆಗದಿದ್ದರೆ ಅದರ ಕನೆಕ್ಟರ್ ಕಿತ್ತಿಡು. ಪಿಸ್ಟನ್ ಗಾಳಿ ಒತ್ತುವಾಗ ಸೆಲ್ಫ್‌ಗೆ ಭಾರ ಬೀಳುತ್ತದೆ, ಕರೆಂಟ್ ಏರುತ್ತದೆ, ದಾಟಿದ ಮೇಲೆ ಇಳಿಯುತ್ತದೆ. ಶುರುವಿನಲ್ಲಿ ನೂರಾರು ಆಂಪಿಯರ್ ಒಮ್ಮೆಲೇ ಜಿಗಿಯುತ್ತದೆ, ಅದನ್ನು ಬಿಟ್ಟುಬಿಡು, ನಂತರ ಸ್ಕೋಪಿನ ಗೆರೆಯಲ್ಲಿ ಬರುವ ಗುಡ್ಡಗಳನ್ನು ನೋಡು. ನಾಲ್ಕು ಸಿಲಿಂಡರ್ ಇಂಜಿನ್ ಎರಡು ಸುತ್ತು ತಿರುಗಿದರೆ ನಾಲ್ಕು ಗುಡ್ಡ. ನಾಲ್ಕೂ ಸಮ ಇದ್ದರೆ ಬೇರೆ ಕಡೆ ಹುಡುಕು, ಒಂದು ಗಿಡ್ಡ ಇದ್ದರೆ ಆ ಸಿಲಿಂಡರ್‌ನಲ್ಲಿ ಕಂಪ್ರೆಷನ್ ಕಮ್ಮಿ. ಯಾವ ಸಿಲಿಂಡರ್ ಅಂತ ತಿಳಿಯಲು ಸ್ಕೋಪಿನ ಎರಡನೇ ಚಾನೆಲ್ಲನ್ನು ಒಂದನೇ ಕಾಯಿಲ್‌ನ ಸಿಗ್ನಲ್ ವೈರಿಗೆ ಹಾಕು (ಪ್ಲಗ್ಗಿಗೊಂದು ಕಾಯಿಲ್ ಇರುವ ಗಾಡಿಯಲ್ಲಿ). ಅಲ್ಲಿಂದ ಕಿಡಿ ಹಾರುವ ಸರದಿಯಲ್ಲಿ, ಸಾಮಾನ್ಯವಾಗಿ 1-3-4-2 ಅಂತ, ಎಣಿಸಿಕೊಂಡು ಹೋಗು.

ನಮ್ಮ ಭೋಸರಿ ಗ್ಯಾರೇಜಿಗೆ ಒಂದು ಸಿಎನ್‌ಜಿ ಟ್ಯಾಕ್ಸಿ ಬಂದಿತ್ತು. ಬೇರೆ ಕಡೆ ಪ್ಲಗ್, ಕಾಯಿಲ್ ಎಲ್ಲಾ ಹೊಸದು ಹಾಕಿಸಿಕೊಂಡು ಡ್ರೈವರ್ ಸುಸ್ತಾಗಿದ್ದ. ಕ್ಲ್ಯಾಂಪ್ ಹಾಕಿದರೆ ಮೂರನೇ ಸಿಲಿಂಡರಿನ ಗುಡ್ಡ ಅರ್ಧಕ್ಕೂ ಕಮ್ಮಿ. ಹೆಡ್ ಇಳಿಸಿ ನೋಡಿದರೆ ಎಕ್ಸಾಸ್ಟ್ ವಾಲ್ವ್ ಸೀಟ್ ತಿಂದುಹೋಗಿ ವಾಲ್ವ್ ಒಳಗೆ ಕೂತಿತ್ತು, ಸರಿಯಾಗಿ ಮುಚ್ಚಿಕೊಳ್ಳುತ್ತಲೇ ಇರಲಿಲ್ಲ. ಸಿಎನ್‌ಜಿ ಒಣ ಇಂಧನ ಅಲ್ವಾ, ಸೀಟ್ ಬೇಗ ಸವೆಯುತ್ತದೆ. ಅಲ್ಲಿ ಪ್ಲಗ್ ಏನು ಮಾಡೀತು?

ಒಂದು ಮಾತು. ನಾಲ್ಕು ಸಿಲಿಂಡರಿನಲ್ಲೂ ಕಂಪ್ರೆಷನ್ ಒಂದೇ ಸಮ ಕಮ್ಮಿ ಇದ್ದರೆ ಈ ಟೆಸ್ಟಿಗೆ ಅದು ತಿಳಿಯುವುದಿಲ್ಲ. ಟೈಮಿಂಗ್ ಚೈನ್ ಹಲ್ಲು ಹಾರಿದ್ದರೂ ಗುಡ್ಡ ಸಮವೇ ಕಾಣಬಹುದು. ಅನುಮಾನ ಬಂದರೆ ಕಂಪ್ರೆಷನ್ ಗೇಜ್ ಹಾಕಿಯೇ ನೋಡು.

ಎರಡನೇ ಟೆಸ್ಟ್ ಗಾಡಿಯ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪಿನದು. ಪುಣೆಯ ಸಿಎನ್‌ಜಿ ಗಾಡಿಯವರು ಪೆಟ್ರೋಲ್ ಮುಳ್ಳು ಸದಾ ತಳದಲ್ಲೇ ಇಟ್ಟಿರ್ತಾರೆ, ಪಂಪ್ ತಣ್ಣಗಿರುವುದೇ ಟ್ಯಾಂಕಿನ ಪೆಟ್ರೋಲಿನಿಂದ ಅಂತ ಅವರಿಗೆ ಯಾರು ಹೇಳ್ಬೇಕು! ಪಂಪಿನ ಫ್ಯೂಸ್ ತೆಗೆದು, ಅದೇ ಫ್ಯೂಸನ್ನು ಒಂದು ವೈರ್ ಲೂಪಿನಲ್ಲಿ ಹಾಕಿ ಜೋಡಿಸು. ಫ್ಯೂಸ್ ಇಲ್ಲದೆ ನೇರ ಜೋಡಿಸಲೇಬೇಡ. ಚಿಕ್ಕ ಕ್ಲ್ಯಾಂಪನ್ನು ಆ ಲೂಪಿಗೆ ಹಾಕಿದರೆ ಪಂಪ್ ಮೋಟರಿನ ಒಂದೊಂದು ಕಮ್ಯುಟೇಟರ್ ಪಟ್ಟಿಗೂ (ತಿರುಗುವ ಸುರುಳಿಗೆ ಕರೆಂಟ್ ದಾಟಿಸುವ ಪಟ್ಟಿ) ಒಂದು ಉಬ್ಬು ಕಾಣುತ್ತದೆ. ಎಷ್ಟೋ ಪಂಪಿನಲ್ಲಿ ಎಂಟು ಪಟ್ಟಿ. ಎಂಟು ಉಬ್ಬಿಗೆ 10 ಮಿಲಿಸೆಕೆಂಡ್ ಆದರೆ ನಿಮಿಷಕ್ಕೆ 6000 ಸುತ್ತು. ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಕರೆಂಟ್ ಕುಸಿದರೆ ಪಟ್ಟಿ ಹೋಗಿದೆ, ಪಂಪ್ ದಾರಿಯಲ್ಲಿ ಕೈಕೊಡುತ್ತದೆ. ಇದನ್ನು ಗಿರಾಕಿಗೂ ತೋರಿಸು, ಅವನೂ ಒಪ್ಪುತ್ತಾನೆ.

ಕ್ಲ್ಯಾಂಪ್ ವಿಷಯ: ಎಲೆಕ್ಟ್ರಿಷಿಯನ್‌ಗಳ ಬರೀ ಎಸಿ ಕ್ಲ್ಯಾಂಪ್ ನಡೆಯುವುದಿಲ್ಲ. ಡಿಸಿ ಅಳೆಯುವ, ಸ್ಕೋಪಿಗೆ ಹಚ್ಚುವ ಹಾಲ್ ಎಫೆಕ್ಟ್ ಕ್ಲ್ಯಾಂಪೇ ಬೇಕು. ಹಾಕುವ ಮೊದಲು ಝೀರೋ ಮಾಡು. ಒಂದೇ ವೈರಿಗೆ ಹಾಕು, ಹೋಗುವ ಬರುವ ಎರಡೂ ಒಳಗಿದ್ದರೆ ಸೊನ್ನೆ ತೋರಿಸುತ್ತದೆ. ಇಂಜೆಕ್ಟರ್, ಕಾಯಿಲ್‌ಗಳ ವೋಲ್ಟೇಜ್ ನೋಡುವಾಗ ವೋಲ್ಟೇಜ್ ಇಳಿಸಿ ಕೊಡುವ ಅಟೆನ್ಯುಯೇಟರ್ ಹಾಕದೆ ಸ್ಕೋಪ್ ಮುಟ್ಟಿಸಬೇಡ. ಕಾಯಿಲ್ ಪ್ರೈಮರಿಯಲ್ಲಿ 300-400 ವೋಲ್ಟ್ ಏಟು ಬರುತ್ತದೆ, ಸ್ಕೋಪ್ ಸುಟ್ಟೇಹೋಗುತ್ತದೆ.

ಇನ್ನೊಂದು. ಸರ್ವಿಸಿಗೆ ಬರುವ ಒಳ್ಳೆ ಗಾಡಿಗಳಿಗೂ ಕ್ಲ್ಯಾಂಪ್ ಹಾಕಿ ವೇವ್ ಸೇವ್ ಮಾಡಿಡು, ಮಾಡೆಲ್, ಕಿಲೋಮೀಟರ್ ಬರೆದು. ಸರಿ ಇರುವುದು ಹೇಗೆ ಕಾಣುತ್ತದೆ ಅಂತ ಗೊತ್ತಿಲ್ಲದಿದ್ದರೆ ಕೆಟ್ಟದ್ದು ಕಣ್ಣಿಗೇ ಬೀಳುವುದಿಲ್ಲ. ಚೆಕ್ ಮಾಡಿದ್ದಕ್ಕೆ ಬೇರೆ ದುಡ್ಡು ತಗೋ, ನಾಚಿಕೋಬೇಡ. ನಿಮ್ಮ ಶೇಠ್ ಗೊಣಗಿದರೆ ಗೊಣಗಲಿ.

ದೊಡ್ಡ ಕ್ಲ್ಯಾಂಪ್ ಈಗಲೇ ಕೊಳ್ಳಬೇಡ. ನನ್ನ ಹತ್ತಿರ ಎರಡಿವೆ. ಭಾನುವಾರ ಬಂದು ಒಂದು ಒಯ್ಯಿ, ಬರುವಾಗ ಸ್ಕೋಪನ್ನೂ ತಾ.

ನಿನ್ನ ಮಾಮಾ