ವಿರಾಜಪೇಟೆಗೆ ಹೊರಟ ಸುಮಂತನಿಗೆ

ಡೊಂಬಿವಲಿ
ಜನವರಿ 12

ಚಿ. ಸುಮಂತನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನಗೆ ಬ್ಯಾಂಕಿನ ಮೊದಲ ನೇಮಕವೇ ವಿರಾಜಪೇಟೆಗೆ ಆಗಿದೆ ಎಂದು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ಆ ರಾತ್ರಿ ಸಂತೋಷಕ್ಕೆ ನನಗೆ ನಿದ್ದೆ ಬರಲಿಲ್ಲ. ಮಡಿಕೇರಿಯಲ್ಲಿ ನಾಲ್ಕು ವರ್ಷ ಸಾಲದ ಕಡತ ನೋಡಿದವನು ನಾನು. ಲೋಕಲ್ ರೈಲಿನ ಸದ್ದಿನಲ್ಲಿ ಬೆಳೆದ ನೀನು ರೈಲೇ ಇಲ್ಲದ ಜಿಲ್ಲೆಗೆ ಹೋಗುತ್ತಿದ್ದೀಯೆ. ಹೋಗುವ ಮುನ್ನ ಇಷ್ಟನ್ನು ಓದಿಕೊ.

ಇಲ್ಲಿ ನಮಗೆಲ್ಲ ತಿಂಗಳಿಗೊಮ್ಮೆ ಸಂಬಳ. ಕೊಡಗಿನ ಕಾಫಿ ಬೆಳೆಗಾರನ ಕೈಗೆ ಹಣ ಬರುವುದು ವರ್ಷಕ್ಕೊಮ್ಮೆ, ಅದೂ ಮಳೆ ಒಪ್ಪಿದರೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬೀಳಬೇಕು. ಬಿದ್ದು ಎಂಟು ಹತ್ತು ದಿನಕ್ಕೆ ಹೂವು ಅರಳುತ್ತದೆ. ಆಮೇಲೆ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು. ಅದೇ ಮಳೆ ಕೊಯ್ಲಿನ ಹೊತ್ತಿಗೆ ಬಂದರೆ ಕಣದಲ್ಲಿ ಹರಡಿದ ಹಣ್ಣು ಬೂಷ್ಟು ಹಿಡಿಯುತ್ತದೆ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ. ನಿನ್ನ ದಕ್ಷಿಣ ಕೊಡಗಿನಲ್ಲಿ ಹೆಚ್ಚಾಗಿರುವ ರೋಬಸ್ಟಾ ಕೊಯ್ಲು ಈಗ ಶುರುವಾಗಿರುತ್ತದೆ. ಈ ಪಂಚಾಂಗವನ್ನು ಬಾಯಿಪಾಠ ಮಾಡಿಕೊ.

ನಾನು ಅದನ್ನು ತಡವಾಗಿ ಕಲಿತೆ. ಒಂದು ಜುಲೈಯಲ್ಲಿ, ಕಂತು ಬಾಕಿಯಿದ್ದ ವೃದ್ಧರೊಬ್ಬರಿಗೆ ನೋಟಿಸು ಕಳಿಸಿಬಿಟ್ಟೆ. ಸುರಿಯುವ ಮಳೆಯಲ್ಲಿ ಅವರೇ ಬಂದರು. ಬೈಯಲಿಲ್ಲ. ಕೊಡೆ ಮಡಿಸಿ, ಕಾಫಿ ಗಿಡದ ಒಂದು ರೆಕ್ಕೆಯನ್ನು, ಅಂದರೆ ಕೊಂಬೆಯನ್ನು, ನನ್ನ ಮೇಜಿನ ಮೇಲಿಟ್ಟರು. ಕೊಳೆರೋಗ ತಗಲಿದ ರೆಕ್ಕೆ. ಕಪ್ಪಾದ ಎಲೆಗಳು ಉದುರದೆ, ನೂಲಿನಂಥ ಬೂಷ್ಟಿನ ಎಳೆಯಲ್ಲಿ ನೇತಾಡುತ್ತಿದ್ದವು. "ಉಳಿದ ಗಿಡಗಳಿಗೆ ಔಷಧಿ ಹೊಡೆಯಲು ಮಳೆ ನಿಲ್ಲುತ್ತಿಲ್ಲ, ಹಣ ಎಲ್ಲಿಂದ ತರಲಿ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಆ ನೋಟಿಸಿನ ನೋವು ಇಂದಿಗೂ ನನ್ನೊಳಗಿದೆ.

ಜಮ್ಮಾ ಭೂಮಿಯ, ಅಂದರೆ ಕೊಡಗಿನ ಮನೆತನಗಳಿಗೆ ವಂಶಪಾರಂಪರ್ಯವಾಗಿ ಬಂದ ಜಮೀನಿನ, ಕಾಗದಗಳನ್ನು ಕಂಡು ಗಾಬರಿಯಾಗಬೇಡ. ಪಹಣಿಯಲ್ಲಿ ತೀರಿಹೋದ ಪಟ್ಟೇದಾರರ, ಅಂದರೆ ಮನೆತನದ ಯಜಮಾನರ, ಹೆಸರಿದ್ದು, ತೋಟದಲ್ಲಿ ದುಡಿಯುವವರು ಮೊಮ್ಮಕ್ಕಳಾಗಿರಬಹುದು. ಅದರಲ್ಲಿ ಮೋಸವೇನೂ ಇಲ್ಲ, ಭೂಮಿ ಇಡೀ ಒಕ್ಕಕ್ಕೆ, ಅಂದರೆ ಮನೆತನಕ್ಕೆ, ಸೇರಿದ್ದು ಎಂಬ ಹಳೆಯ ಪದ್ಧತಿ. ಮನೆತನದ ಮೂಲಮನೆಯಾದ ಐನ್‌ಮನೆಗೆ ಹೋಗಿ ಹಿರಿಯರ ಹತ್ತಿರ ಕುಳಿತು ಕೇಳಿದರೆ ಎಲ್ಲವೂ ಬಿಡಿಸಿಕೊಳ್ಳುತ್ತದೆ. ಹಾಗೆಯೇ ತೋಟದ ಲೈನುಮನೆಗಳಿಂದ (ಕೂಲಿಗಳ ಸಾಲುಮನೆಗಳಿಂದ) ಐನೂರು ರೂಪಾಯಿ ಕಟ್ಟಲು ಬರುವ ಯರವ, ಕುರುಬ ಬುಡಕಟ್ಟಿನ ಹೆಂಗಸರನ್ನು ನಿಲ್ಲಿಸಿಕೊಂಡು ಕಾಯಿಸಬೇಡ. ಕಾಫಿ ಕೊಯ್ಯುವ ಕೈ ಅವರದು, ಅರ್ಧ ದಿನದ ಕೂಲಿ ಬಿಟ್ಟು ಬಂದಿರುತ್ತಾರೆ.

ಹೋಂಸ್ಟೇ ಕಟ್ಟಲು ಸಾಲ ಕೇಳುವವರು ಬಹಳ. ಕಾಫಿ ಬೆಲೆ ಕುಸಿದಾಗ ಅದು ಎಷ್ಟೋ ಸಂಸಾರಗಳನ್ನು ಹಿಡಿದು ನಿಲ್ಲಿಸಿದೆ, ಆದ್ದರಿಂದ ಕೊಡಬೇಡ ಎನ್ನಲಾರೆ. ಆದರೆ ಜಾಗವನ್ನು ನಡೆದು ನೋಡದೆ ಸಹಿ ಹಾಕಬೇಡ. ಗುಡ್ಡದ ಬುಡ ಕಡಿದು ಸಮತಟ್ಟು ಮಾಡಿದ್ದಾರೆಯೇ, ನೀರು ಇಳಿಯುವ ತೋಡು ಮುಚ್ಚಿದ್ದಾರೆಯೇ, ನೆರಳಿನ ಕಾಡುಮರ ಹೋಗಿ ಸಿಲ್ವರ್ ಓಕ್ ಮಾತ್ರ ಉಳಿದಿದೆಯೇ ನೋಡು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟ ಜಾರಿ ಮನೆ, ತೋಟ ಒಟ್ಟಿಗೆ ಹೋದವು. ನನಗೆ ಪರಿಚಯವಿದ್ದ ದಾರಿಗಳನ್ನು ಟಿ.ವಿ.ಯಲ್ಲಿ ಕೆಸರಾಗಿ ಕಂಡು ನಾನೂ ನಿನ್ನ ದೊಡ್ಡಮ್ಮನೂ ಊಟ ಬಿಟ್ಟು ಕುಳಿತಿದ್ದೆವು. ಗದ್ದೆಯನ್ನು ಪಾಳು ಬಿಡದೆ ಇನ್ನೂ ನಾಟಿ ಮಾಡುವವರು ಸಾಲಕ್ಕೆ ಬಂದರೆ ಅವರ ಅರ್ಜಿಯನ್ನು ಮೊದಲು ಎತ್ತಿಕೊ. ಲಾಭ ಕಡಿಮೆ, ಆನೆಗಳ ಕಾಟ ಬೇರೆ; ಆದರೂ ಮಳೆನೀರು ಇಂಗುವುದು ಆ ಗದ್ದೆಗಳಲ್ಲಿ, ಸುಗ್ಗಿಹಬ್ಬ ಪುತ್ತರಿಗೆ ಕದಿರು ಬರುವುದೂ ಅಲ್ಲಿಂದಲೇ.

ಒಳ್ಳೆಯ ಕೊಡೆ, ಎರಡು ಸ್ವೆಟರ್ ಇಟ್ಟುಕೊ. ಆಗಸ್ಟ್ ಮೊದಲ ವಾರದಲ್ಲಿ ಕಕ್ಕಡ ಎಂಬ ಮಳೆಗಾಲದ ಕೊಡವ ತಿಂಗಳಲ್ಲಿ ಮಾಡುವ ಮದ್ದು ಸೊಪ್ಪಿನ ಪಾಯಸ ಯಾರಾದರೂ ಕೊಟ್ಟರೆ, ನೇರಳೆ ಬಣ್ಣ ಕಂಡು ಹಿಂಜರಿಯದೆ ಕುಡಿ.

ಹೂಮಳೆ ಬಿದ್ದ ಒಂಬತ್ತನೆಯ ದಿನ ಬೆಳಗ್ಗೆ ಯಾವುದಾದರೂ ತೋಟದೊಳಗೆ ಹೋಗಿ ನಿಂತುಕೊ. ಬೆಳ್ಳಗೆ ಅರಳಿದ ಹೂವಿನ ವಾಸನೆ ಹೇಗಿತ್ತೆಂದು ನನಗೆ ಬರೆ.

ನಿನ್ನ ದೊಡ್ಡಪ್ಪ